“ಸರ್, ಸರ್ಟಿಫಿಕೇಟ್ ಬೇಕಿತ್ರಿ”: ಒಂದೇ ಮಾತು, ನಾಲ್ಕು ದಾರಿ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ ಯಾವುದಾದರೂ ಕಾಲೇಜಿನ ಕಚೇರಿ ಕಿಟಕಿಯ ಹತ್ತಿರ ಅರ್ಧ ಗಂಟೆ ನಿಂತರೆ ಒಂದೇ ಮಾತು ಹತ್ತಾರು ಸಲ ಕೇಳಿಸುತ್ತದೆ: “ಸರ್, ಸರ್ಟಿಫಿಕೇಟ್ ಬೇಕಿತ್ರಿ.” ಒಳಗೆ ಕುಳಿತವರು ತಲೆ ಎತ್ತದೆಯೇ ಕೇಳುತ್ತಾರೆ: “ಯಾವ್ದು ಬೇಟಾ? ಯಾತಕ್ಕ ಬೇಕು?”

ಈ ಎರಡು ಪ್ರಶ್ನೆಗಳಲ್ಲಿ ಬಹಳ ಅರ್ಥವಿದೆ. ಏಕೆಂದರೆ ಆ ಒಂದು ಮಾತಿಗೆ ಕನಿಷ್ಠ ನಾಲ್ಕು ದಾರಿಗಳಿವೆ. ಟಿಸಿ ಬೇಕಾದರೆ ಕೆಲಸ ಅದೇ ಕಿಟಕಿಯಲ್ಲಿ ಆಗುತ್ತದೆ. ವ್ಯಾಸಂಗ ಪ್ರಮಾಣಪತ್ರ ಬೇಕಾದರೆ ಮೊದಲು ಓದಿದ ಶಾಲೆಗೆ ಹೋಗಬೇಕು, ಅಗತ್ಯವಿದ್ದರೆ ಅದಕ್ಕೆ ಬಿಇಒ ಕಚೇರಿಯ ಮೇಲುರುಜು ಹಾಕಿಸಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರವಾದರೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು, ತಹಶೀಲ್ದಾರರ ಮೂಲಕ ಅದು ಬರುತ್ತದೆ. ನಮ್ಮ ಕಡೆ ‘ಎಚ್‌ಕೆ ಸರ್ಟಿಫಿಕೇಟ್’ ಎಂದು ಕರೆಯುವ 371(ಜೆ) ಅರ್ಹತಾ ಪ್ರಮಾಣಪತ್ರವಾದರೆ ಅದನ್ನು ಕೊಡುವ ಅಧಿಕಾರ ಸಹಾಯಕ ಆಯುಕ್ತರದು. ಸಿಂಧನೂರಿನವರಿಗೂ ಮಸ್ಕಿಯವರಿಗೂ ಆ ಕಚೇರಿ ಇರುವುದು ಲಿಂಗಸುಗೂರಿನಲ್ಲಿ.

ದಾರಿ ತಪ್ಪಿದರೆ ಏನಾಗುತ್ತದೆ? ಒಂದು ದಿನದ ಬಸ್ ಖರ್ಚು ಹೋಗುತ್ತದೆ, ಅಪ್ಪನ ಒಂದು ದಿನದ ಕೂಲಿ ಹೋಗುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. 371(ಜೆ) ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ 70% ಸೀಟುಗಳು ಸ್ಥಳೀಯರಿಗೆ ಮೀಸಲು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8%. ಸಿಇಟಿ ದಾಖಲೆ ಪರಿಶೀಲನೆಯ ಹೊತ್ತಿಗೆ ಆ ಕಾಗದ ಕೈಯಲ್ಲಿ ಇಲ್ಲದಿದ್ದರೆ ರ‍್ಯಾಂಕ್ ಇದ್ದೂ ಆ ಸೀಟಿನ ಮೇಲಿನ ಹಕ್ಕು ಕೈ ತಪ್ಪುತ್ತದೆ. ಆದ್ದರಿಂದ ಕಿಟಕಿಯೊಳಗಿನವರು ಕೇಳುವ “ಯಾವ್ದು ಬೇಟಾ?” ಎಂಬ ಪ್ರಶ್ನೆ ಸಣ್ಣದಲ್ಲ.

ಈಗ ಇದೇ ಕಿಟಕಿಯ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಕಾಲ ಬಂದಿದೆ. ಬ್ಯಾಂಕು, ರೈಲ್ವೆ, ಗ್ಯಾಸ್ ಬುಕಿಂಗ್ ಎಲ್ಲ ಕಡೆ ನಮ್ಮ ಮಾತನ್ನು ಮೊದಲು ಓದುವುದು ಒಂದು ತಂತ್ರಾಂಶ. ಅದು ನಮ್ಮ ಕೋರಿಕೆಯನ್ನು ಯಾವ ದಾರಿಗೆ ಕಳಿಸಬೇಕೆಂದು ಹೇಗೆ ತೀರ್ಮಾನಿಸುತ್ತದೆ, ಎಲ್ಲಿ ಎಡವುತ್ತದೆ ಎಂಬುದನ್ನು ನಮ್ಮದೇ ಸರ್ಟಿಫಿಕೇಟ್ ಉದಾಹರಣೆಯಿಂದ ನೋಡೋಣ.

ಮೂರು ಪದಗಳು

ಮೊದಲು ಪದಗಳ ಅರ್ಥ ತಿಳಿಯೋಣ. ಒಂದು ಕೆಲಸವನ್ನು ಹಂತ ಹಂತವಾಗಿ ಯಾವ ಕ್ರಮದಲ್ಲಿ ಮಾಡಬೇಕೆಂದು ಬರೆದಿಟ್ಟ ನಕ್ಷೆಗೆ ‘ವರ್ಕ್‌ಫ್ಲೋ’ ಎನ್ನುತ್ತಾರೆ. ಆ ನಕ್ಷೆಯ ಒಂದೊಂದು ಹಂತದಲ್ಲಿ ಕುಳಿತು, ಬಂದದ್ದನ್ನು ಓದಿ, ತನಗೆ ಕೊಟ್ಟ ಕೆಲಸ ಮಾಡಿ ಮುಂದಕ್ಕೆ ಕಳಿಸುವ ತಂತ್ರಾಂಶಕ್ಕೆ ‘ಏಜೆಂಟ್’ ಎನ್ನುತ್ತಾರೆ. ಬಂದ ಕೋರಿಕೆಯನ್ನು ನೋಡಿ ‘ಇದು ಈ ಏಜೆಂಟಿಗೆ, ಅದು ಆ ಏಜೆಂಟಿಗೆ’ ಎಂದು ಬೇರ್ಪಡಿಸುವ ಕೆಲಸವೇ ‘ರೂಟಿಂಗ್’, ಅಂದರೆ ದಾರಿ ಹಚ್ಚುವುದು.

ಸಿಂಧನೂರು ಭಾಗದವರಿಗೆ ಇದನ್ನು ಅರ್ಥಮಾಡಿಸಲು ಕಂಪ್ಯೂಟರ್ ಕೂಡ ಬೇಕಿಲ್ಲ. ತುಂಗಭದ್ರಾ ಎಡದಂಡೆ ನಾಲೆಯನ್ನು ನೆನಪಿಸಿಕೊಂಡರೆ ಸಾಕು. ಮುಖ್ಯ ನಾಲೆಯಿಂದ ವಿತರಣಾ ಕಾಲುವೆ, ಅದರಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ. ಪ್ರತಿ ಕವಲಿನಲ್ಲಿ ಒಂದು ಗೇಟು ಅಥವಾ ತೂಬು. ನೀರಿಗೆ ತಾನು ಯಾರ ಗದ್ದೆಗೆ ಹೋಗಬೇಕೆಂದು ಗೊತ್ತಿಲ್ಲ. ಅದನ್ನು ತೀರ್ಮಾನಿಸುವುದು ಗೇಟು. ಮೇಲಿನ ಗೇಟಿನಲ್ಲಿ ತಪ್ಪಾದರೆ ಕೆಳಗಿನ ಎಲ್ಲ ತೂಬುಗಳು ಸರಿಯಾಗಿದ್ದರೂ ಪ್ರಯೋಜನವಿಲ್ಲ. ಆ ತಪ್ಪಿನ ಬೆಲೆ ತೆರುವವನು ಗೇಟಿನ ಹತ್ತಿರ ಇರುವವನಲ್ಲ, ಕೊನೆಭಾಗದ ರೈತ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕವಲಿನಲ್ಲಿ ಕುಳಿತವರ ಕೈಯಲ್ಲಿ

ದಾರಿ ಹಚ್ಚುವ ಯಂತ್ರದ ಕಥೆ ಹೊಸದಲ್ಲ. ಮೊದಲ ದಿನಗಳಲ್ಲಿ ಟೆಲಿಫೋನ್ ಕರೆಗಳನ್ನು ಆಪರೇಟರುಗಳು ಕೈಯಿಂದ ಜೋಡಿಸುತ್ತಿದ್ದರು. ಅಮೆರಿಕದಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ವೃತ್ತಿಯಲ್ಲಿದ್ದ ಆಲ್ಮನ್ ಸ್ಟ್ರೋಜರ್ ಎಂಬಾತನಿಗೆ, ತನಗೆ ಬರಬೇಕಾದ ಕರೆಗಳನ್ನು ಆಪರೇಟರ್ ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಾರೆಂಬ ಅನುಮಾನ ಇತ್ತೆಂದು ಹೇಳುತ್ತಾರೆ. ಆತ ಕಂಡುಹಿಡಿದ ಸ್ವಯಂಚಾಲಿತ ಸ್ವಿಚ್ಚಿಗೆ 1891ರಲ್ಲಿ ಪೇಟೆಂಟ್ ಸಿಕ್ಕಿತು. ಕವಲಿನಲ್ಲಿ ಯಾರು ಕುಳಿತಿದ್ದಾರೆ ಎಂಬುದು ಆಗಲೂ ಮುಖ್ಯವಾಗಿತ್ತು, ಈಗಲೂ ಮುಖ್ಯ.

ನಮ್ಮ ದೇಶದಲ್ಲಿ 2004ರ ಜನವರಿ 21ರಂದು ಶುರುವಾದ ಕಿಸಾನ್ ಕಾಲ್ ಸೆಂಟರ್ ಕೂಡ ಒಂದು ಕವಲಿನ ವ್ಯವಸ್ಥೆಯೇ. ರೈತ 1800-180-1551ಕ್ಕೆ ಕರೆ ಮಾಡಿದರೆ ಅವನ ಭಾಷೆ ಬಲ್ಲ ಸಲಹೆಗಾರ ಮೊದಲು ಉತ್ತರಿಸುತ್ತಾನೆ. ತನಗೆ ಗೊತ್ತಿಲ್ಲದಿದ್ದರೆ ಮೇಲಿನ ಹಂತದ ಪರಿಣತರಿಗೆ ಪ್ರಶ್ನೆಯನ್ನು ದಾಟಿಸುತ್ತಾನೆ. ಅಲ್ಲಿ ಕವಲಿನಲ್ಲಿ ಇರುವವರು ಮನುಷ್ಯರು.

2023ರಲ್ಲಿ ಬಂದ ‘ಜುಗಲ್‌ಬಂದಿ’ ಎಂಬ ಚಾಟ್‌ಬಾಟ್ ಇನ್ನೊಂದು ಬಗೆಯದು. ಐಐಟಿ ಮದ್ರಾಸಿನ ಎಐ4ಭಾರತ್ ಮತ್ತು ಮೈಕ್ರೋಸಾಫ್ಟ್ ಮೊದಲಾದವರ ನೆರವಿನಿಂದ ರೂಪುಗೊಂಡ ಇದು ವಾಟ್ಸ್‌ಆ್ಯಪ್‌ನಲ್ಲಿ ಸರ್ಕಾರಿ ಯೋಜನೆಗಳ ಬಗ್ಗೆ ಕೇಳಿದ್ದಕ್ಕೆ ಉತ್ತರಿಸುತ್ತದೆ. ಹರಿಯಾಣದ ಬಿವಾನ್ ಎಂಬ ಹಳ್ಳಿಯಲ್ಲಿ ಇದರ ಮೊದಲ ಪ್ರಯೋಗ ನಡೆಯಿತು. ಧ್ವನಿ ಸಂದೇಶ ಬಂದರೆ ಅದನ್ನು ಅಕ್ಷರಕ್ಕೆ ಇಳಿಸುವುದು ಒಂದು ಹಂತ, ಇಂಗ್ಲಿಷಿಗೆ ಅನುವಾದಿಸುವುದು ಇನ್ನೊಂದು, ಮಾಹಿತಿ ಹುಡುಕುವುದು ಮತ್ತೊಂದು, ಉತ್ತರವನ್ನು ಮತ್ತೆ ಕೇಳಿದವರ ಭಾಷೆಗೆ ತಂದು ಓದಿ ಹೇಳುವುದು ಕೊನೆಯದು. ಇದು ಮುಖ್ಯವಾಗಿ ಸರಪಳಿ: ಒಂದರ ನಂತರ ಒಂದು. ರೂಟಿಂಗ್ ಎಂದರೆ ಸರಪಳಿಯ ನಡುವೆ ಕವಲು ಬರುವುದು.

ನಮ್ಮ ಕಿಟಕಿಗೆ ಒಂದು ನಕ್ಷೆ

ಈಗ ‘ಸರ್ಟಿಫಿಕೇಟ್ ಬೇಕು’ ಎಂಬ ಸಂದೇಶಕ್ಕೆ ಸರಿಯಾದ ದಾರಿ ತೋರಿಸುವ ವ್ಯವಸ್ಥೆಯೊಂದನ್ನು ಕಾಗದದ ಮೇಲೆ ಕಟ್ಟೋಣ.

ಹಂತ 1, ಮಾತು ತಿಳಿಯುವುದು. ಒಬ್ಬ ಬರೆಯುತ್ತಾನೆ: “ಸರ, ಕ್ಯಾಸ್ಟ್ ಇನ್ಕಮ್ ತೆಗಸಬೇಕ್ರಿ, ಎಲ್ಲಿ ಹೋಗಬೇಕ್ರಿ?” ಇನ್ನೊಬ್ಬಳು ಧ್ವನಿ ಸಂದೇಶ ಕಳಿಸುತ್ತಾಳೆ: “ಇನ್ಕಮ್ ಹೋನಾ ಸರ್, ಕಾಂ ಜಾನಾ?” ಎರಡೂ ಒಂದೇ ಪ್ರಶ್ನೆ. ಒಂದು ರಾಯಚೂರು ಸೀಮೆಯ ಕನ್ನಡ, ಇನ್ನೊಂದು ದಖನಿ. ಪುಸ್ತಕದ ಕನ್ನಡ ಮತ್ತು ಪುಸ್ತಕದ ಹಿಂದಿ ಮಾತ್ರ ಕಲಿತ ಯಂತ್ರ ಮೊದಲ ಹಂತದಲ್ಲೇ ಎಡವಬಹುದು.

ಹಂತ 2, ಉದ್ದೇಶ ಗುರುತಿಸುವುದು. ಮಾತು ನಾಲ್ಕು ಗುಂಪುಗಳಲ್ಲಿ ಯಾವುದಕ್ಕೆ ಸೇರುತ್ತದೆ? ಟಿಸಿ, ವ್ಯಾಸಂಗ, ಜಾತಿ-ಆದಾಯ, 371(ಜೆ). ಐದನೆಯ ಗುಂಪೊಂದು ಇರಲೇಬೇಕು: ‘ಗೊತ್ತಾಗಲಿಲ್ಲ’. ಈ ಐದನೆಯದನ್ನು ಇಡದಿದ್ದರೆ ಯಂತ್ರ ಪ್ರತಿ ಮಾತನ್ನೂ ಬಲವಂತವಾಗಿ ನಾಲ್ಕರಲ್ಲಿ ಒಂದಕ್ಕೆ ತುರುಕುತ್ತದೆ.

ಹಂತ 3, ಬಿಟ್ಟುಹೋದದ್ದನ್ನು ಕೇಳುವುದು. ಯಾವ ತಾಲ್ಲೂಕು, ಯಾವ ಊರು, ಯಾತಕ್ಕೆ ಬೇಕು, ಯಾವ ತಾರೀಖಿನೊಳಗೆ ಬೇಕು. ಹಿಂದೆ ಮಾಡಿಸಿದ ಪ್ರಮಾಣಪತ್ರ ಇದೆಯೇ ಎಂದು ಕೇಳುವುದನ್ನು ಮರೆಯಬಾರದು. ಎಷ್ಟೋ ಸಲ ಮನೆಯ ಪೆಟ್ಟಿಗೆಯಲ್ಲಿ ಆರ್‌ಡಿ ಸಂಖ್ಯೆ ಇರುವ ಹಳೆಯ ಪ್ರತಿ ಇರುತ್ತದೆ. ಅದರ ಅವಧಿ ಮುಗಿದಿಲ್ಲದಿದ್ದರೆ ಹೊಸ ಅರ್ಜಿಯೇ ಬೇಕಿಲ್ಲ.

ಹಂತ 4, ಕವಲು. ಇದನ್ನು ಪ್ರೋಗ್ರಾಮಿನ ಹಾಗೆ ಬರೆಯಬಹುದು:

ಒಂದು ವೇಳೆ ಉದ್ದೇಶ = ಟಿಸಿ ಆದರೆ → ಕಾಲೇಜು ಕಚೇರಿ.
ಉದ್ದೇಶ = ವ್ಯಾಸಂಗ ಆದರೆ → ಓದಿದ ಶಾಲೆ; ಮೇಲುರುಜು ಬೇಕಾದರೆ → ಆ ತಾಲ್ಲೂಕಿನ ಬಿಇಒ ಕಚೇರಿ.
ಉದ್ದೇಶ = ಜಾತಿ-ಆದಾಯ ಆದರೆ → ಅವಧಿ ಮುಗಿಯದ ಹಳೆಯ ಪ್ರತಿ ಇದೆಯೇ? ಇದ್ದರೆ → ಅದನ್ನೇ ಬಳಸಿ; ಇಲ್ಲದಿದ್ದರೆ → ನಾಡಕಚೇರಿ.
ಉದ್ದೇಶ = 371(ಜೆ) ಆದರೆ → ಸಹಾಯಕ ಆಯುಕ್ತರ ಕಚೇರಿ; ಜೊತೆಗೆ ದಾಖಲೆಗಳ ಪಟ್ಟಿ.
ಬೇರೆ ಏನೇ ಆದರೂ → ಮನುಷ್ಯರಿಗೆ ಒಪ್ಪಿಸಿ.

ಹಂತ 5, ಹೊರಗೆ ಹೋಗುವ ಮೊದಲು ಪರೀಕ್ಷೆ. ಉತ್ತರ ಬರೆಯುವ ಏಜೆಂಟ್ ಒಂದು, ಅದನ್ನು ಸರಿಯಾಗಿದೆಯೇ ಎಂದು ನೋಡುವ ಏಜೆಂಟ್ ಇನ್ನೊಂದು. ವಿದ್ಯಾರ್ಥಿ ಹೇಳಿದ ತಾಲ್ಲೂಕಿಗೂ ಉತ್ತರದಲ್ಲಿರುವ ಕಚೇರಿಗೂ ತಾಳೆ ಇದೆಯೇ? ಇಲ್ಲದಿದ್ದರೆ ಹಿಂದಕ್ಕೆ.

ನಿಯಮ ಎಲ್ಲಿ, ಊಹೆ ಎಲ್ಲಿ

ಈ ನಕ್ಷೆಯಲ್ಲಿ ಎರಡು ಬಗೆಯ ಕೆಲಸಗಳಿವೆ. ಹಂತ 1 ಮತ್ತು 2ರಲ್ಲಿ ಭಾಷೆ ತಿಳಿಯಬೇಕು. ಜನ ಹೇಗೆ ಮಾತಾಡುತ್ತಾರೆಂದು ಮೊದಲೇ ಪಟ್ಟಿ ಮಾಡಲಾಗದು. ಅಲ್ಲಿ ದೊಡ್ಡ ಭಾಷಾ ಮಾದರಿಗಳು ಉಪಯೋಗಕ್ಕೆ ಬರುತ್ತವೆ. ಅವು ಊಹೆ ಮಾಡುತ್ತವೆ, ಬಹುತೇಕ ಸಲ ಒಳ್ಳೆಯ ಊಹೆ. ಆದರೆ ಹಂತ 4ರಲ್ಲಿ ಊಹೆಗೆ ಜಾಗವಿಲ್ಲ. 371(ಜೆ) ಪ್ರಮಾಣಪತ್ರ ಯಾರು ಕೊಡುತ್ತಾರೆಂಬುದು ಅಭಿಪ್ರಾಯವಲ್ಲ, ನಿಯಮ. ಅದನ್ನು ನಿಯಮವಾಗಿಯೇ ಬರೆದಿಡಬೇಕು. ಮಾತು ತಿಳಿಯಲು ಮಾದರಿ, ದಾರಿ ತೀರ್ಮಾನಿಸಲು ನಿಯಮ. ಒಳ್ಳೆಯ ವ್ಯವಸ್ಥೆಗಳನ್ನು ಕಟ್ಟುವವರು ಈ ಗೆರೆಯನ್ನು ಎಚ್ಚರಿಕೆಯಿಂದ ಎಳೆಯುತ್ತಾರೆ.

ಗೆರೆ ಎಳೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಎರಡು ಉದಾಹರಣೆ ನೋಡಿ.

ಮೊದಲನೆಯದು ಹೆಸರು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಮುಸ್ಲಿಮರು ಎಂಬ ಗುಂಪು 2ಬಿಯಲ್ಲಿದೆ. ಆದರೆ ನದಾಫ್, ಪಿಂಜಾರ ಸಮುದಾಯದವರು ಪ್ರವರ್ಗ-1ರಲ್ಲಿ ಬರುತ್ತಾರೆ. ಹೆಸರು ನೋಡಿ ‘ಇವರು ಮುಸ್ಲಿಂ, ಆದ್ದರಿಂದ 2ಬಿ’ ಎಂದು ಯಂತ್ರ ಊಹಿಸಿದರೆ ನದಾಫ್ ಮನೆತನದ ಹುಡುಗಿಯೊಬ್ಬಳು ತನಗೆ ಸಿಗಬೇಕಾದ ಪ್ರವರ್ಗದಿಂದಲೇ ಹೊರಗುಳಿಯುತ್ತಾಳೆ. ಯಂತ್ರ ದ್ವೇಷದಿಂದ ಹಾಗೆ ಮಾಡಲಿಲ್ಲ. ಹೆಚ್ಚು ಸಲ ಕಂಡದ್ದನ್ನೇ ನಿಜವೆಂದುಕೊಂಡಿತು. ಹೆಸರಿನಿಂದ ಪ್ರವರ್ಗವನ್ನು ಊಹಿಸಬಾರದು, ಕೇಳಬೇಕು. ಪ್ರಮಾಣಪತ್ರ ನೋಡಿ ಮುಂದೆ ಹೋಗಬೇಕು.

ಎರಡನೆಯದು ಊರು. ಮಸ್ಕಿ ಈಚೆಗೆ ಆದ ತಾಲ್ಲೂಕು. ಅದಕ್ಕೆ ಸೇರಿದ ಹಳ್ಳಿಗಳು ಮೊದಲು ಲಿಂಗಸುಗೂರು, ಸಿಂಧನೂರು ಮುಂತಾದ ತಾಲ್ಲೂಕುಗಳಲ್ಲಿದ್ದವು. ಯಂತ್ರದ ಒಳಗಿನ ಪಟ್ಟಿ ಹಳೆಯದಾಗಿದ್ದರೆ ಅದು ಪೂರ್ತಿ ಆತ್ಮವಿಶ್ವಾಸದಿಂದ ತಪ್ಪು ತಾಲ್ಲೂಕಿನ ಹೆಸರು ಹೇಳುತ್ತದೆ. ವಿದ್ಯಾರ್ಥಿಯ ಹತ್ತನೇ ತರಗತಿ ದಾಖಲೆಯಲ್ಲಿ ಒಂದು ತಾಲ್ಲೂಕು, ಈಗಿನ ಪಡಿತರ ಚೀಟಿಯಲ್ಲಿ ಇನ್ನೊಂದು ಇದ್ದರೆ ಗೊಂದಲ ಇನ್ನೂ ಹೆಚ್ಚು. ಕವಲಿನ ನಕ್ಷೆ ಬರೆದ ದಿನ ಸರಿಯಿದ್ದರೆ ಸಾಲದು, ಅದನ್ನು ಕಾಲಕಾಲಕ್ಕೆ ತಿದ್ದುವವರು ಯಾರೆಂದು ಹೆಸರಿಡಬೇಕು.

ಒಂದು ಸಣ್ಣ ಲೆಕ್ಕ

ವಿಜ್ಞಾನ ವಿಭಾಗದವರಿಗೆ ಸಂಭವನೀಯತೆಯ ಲೆಕ್ಕವೊಂದು ಇಲ್ಲಿದೆ. ನಮ್ಮ ನಕ್ಷೆಯ ಪ್ರತಿ ಹಂತವೂ ನೂರಕ್ಕೆ 95 ಸಲ ಸರಿಯಾಗಿ ಕೆಲಸ ಮಾಡುತ್ತದೆ ಎಂದುಕೊಳ್ಳಿ. ಕೇಳಲು ಚೆನ್ನಾಗಿದೆ. ಹಂತಗಳ ತಪ್ಪು ಒಂದಕ್ಕೊಂದು ಸಂಬಂಧವಿಲ್ಲದ್ದು, ನಡುವೆ ಯಾರೂ ತಿದ್ದುವುದಿಲ್ಲ ಎಂದೂ ಇಟ್ಟುಕೊಳ್ಳಿ. ಐದೂ ಹಂತಗಳು ಸರಿಯಾಗುವ ಸಂಭವ:

0.95 × 0.95 × 0.95 × 0.95 × 0.95 = 0.774 (ಸುಮಾರು)

ಅಂದರೆ ನೂರು ವಿದ್ಯಾರ್ಥಿಗಳಲ್ಲಿ 77 ಜನರಿಗೆ ಸರಿದಾರಿ, 23 ಜನರಿಗೆ ಎಲ್ಲೋ ಒಂದು ಕಡೆ ತಪ್ಪು. ಪ್ರತಿ ಹಂತವನ್ನು 99ಕ್ಕೆ ಏರಿಸಿದರೆ ಒಟ್ಟು 95 ಆಗುತ್ತದೆ. ಹಂತಗಳು ಹೆಚ್ಚಿದಷ್ಟೂ ಸಣ್ಣ ತಪ್ಪುಗಳು ಸೇರಿ ದೊಡ್ಡದಾಗುತ್ತವೆ. ಕಾಲುವೆಯ ಕೊನೆಭಾಗದ ಕಥೆಯೇ ಇದು.

ಇದಕ್ಕೆ ಮದ್ದು ಏನು? ಒಂದು, ಬೇಡದ ಹಂತಗಳನ್ನು ತೆಗೆಯುವುದು. ಎರಡು, ಅನುಮಾನ ಬಂದಾಗ ನಿಂತು ಕೇಳುವುದು. ಯಂತ್ರ ಸಾಮಾನ್ಯವಾಗಿ ಪ್ರತಿ ಗುಂಪಿಗೂ ಒಂದು ಅಂಕ ಕೊಡುತ್ತದೆ. “ಸರ್, ತಹಸಿಲ್‌ದಾಗ ಮಾಡಸೋ ಸರ್ಟಿಫಿಕೇಟ್ ಬೇಕು, ಸಿಇಟಿಗೆ” ಎಂಬ ಸಂದೇಶಕ್ಕೆ ಜಾತಿ-ಆದಾಯ 0.48, 371(ಜೆ) 0.44, ಉಳಿದದ್ದು 0.08 ಎಂದು ಬಂತೆನ್ನಿ. ದೊಡ್ಡ ಅಂಕ ಜಾತಿ-ಆದಾಯದ್ದು ನಿಜ, ಆದರೆ ಅಂತರ ಕೂದಲೆಳೆಯಷ್ಟು. ಇಂಥ ಕಡೆ ದಾರಿ ಹಚ್ಚುವುದು ಮೂರ್ಖತನ. “ನಿಮಗೆ ಜಾತಿ-ಆದಾಯ ಬೇಕೋ, ಎಚ್‌ಕೆ ಸರ್ಟಿಫಿಕೇಟ್ ಬೇಕೋ, ಎರಡೂ ಬೇಕೋ?” ಎಂದು ಮರಳಿ ಕೇಳಬೇಕು. ಅಂಕ ಎಷ್ಟು ದಾಟಿದರೆ ಮುಂದೆ ಹೋಗಬೇಕೆಂಬ ಗಡಿಯನ್ನು ಮೊದಲೇ ಹಾಕುತ್ತಾರೆ. ಗಡಿ ತೀರ ಕೆಳಗಿದ್ದರೆ ತಪ್ಪುಗಳು ಹೆಚ್ಚು, ತೀರ ಮೇಲಿದ್ದರೆ ಪ್ರಶ್ನೆಗಳು ಹೆಚ್ಚಿ ಜನ ಬೇಸತ್ತು ಬಿಡುತ್ತಾರೆ. ತಪ್ಪಿನ ಬೆಲೆ ಎಷ್ಟೆಂದು ನೋಡಿ ಗಡಿ ಹಾಕಬೇಕು. ಸೀಟಿನ ಪ್ರಶ್ನೆ ಇರುವಲ್ಲಿ ಒಂದು ಪ್ರಶ್ನೆ ಹೆಚ್ಚಾದರೂ ನಷ್ಟವಿಲ್ಲ.

ಉತ್ತರ ಬಾರದಿದ್ದರೆ?

ಕವಲಿನ ನಕ್ಷೆ ಬರೆಯುವವರು ಮರೆಯುವ ಇನ್ನೊಂದು ದಾರಿ ಇದೆ: ಮುಂದಿನ ಹಂತದಿಂದ ಉತ್ತರವೇ ಬಾರದಿದ್ದರೆ? ಕೋರಿಕೆ ಅಲ್ಲೇ ಕುಳಿತಿರುತ್ತದೆ. ಕಳಿಸಿದವನು ‘ಕಳಿಸಿದ್ದೇನೆ’ ಎನ್ನುತ್ತಾನೆ, ಕೇಳಿದವಳು ಕಾಯುತ್ತಾಳೆ.

ಈ ವಿಷಯದಲ್ಲಿ ಯಂತ್ರಗಳನ್ನು ಕಟ್ಟುವವರು ಕರ್ನಾಟಕದ ‘ಸಕಾಲ’ದಿಂದ ಕಲಿಯಬಹುದು. 2011ರ ಕಾಯ್ದೆಯ ಆಧಾರದ ಮೇಲೆ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಪ್ರತಿ ಅರ್ಜಿಗೂ ಒಂದು ಜಿಎಸ್‌ಸಿ ಸಂಖ್ಯೆ ಕೊಡುತ್ತಾರೆ, ಪ್ರತಿ ಸೇವೆಗೂ ದಿನಗಳ ಗಡುವಿದೆ. ಗಡುವು ಮೀರಿದರೆ ಅರ್ಜಿದಾರ ಮೇಲ್ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರಕ್ಕೂ ಅವಕಾಶವಿದೆ. ಇದರಲ್ಲಿ ಮೂರು ಪಾಠಗಳಿವೆ: ಪ್ರತಿ ಕೋರಿಕೆಗೆ ಗುರುತಿನ ಸಂಖ್ಯೆ ಇರಲಿ, ಪ್ರತಿ ಹಂತಕ್ಕೆ ಗಡುವು ಇರಲಿ, ಗಡುವು ಮೀರಿದರೆ ಯಾರ ಹತ್ತಿರ ಹೋಗಬೇಕೆಂಬುದು ಮೊದಲೇ ಗೊತ್ತಿರಲಿ. ಅರ್ಜಿ ಕೊಟ್ಟಾಗ ಸಿಗುವ ಚೀಟಿಯನ್ನು ಕಳೆಯಬೇಡಿ ಎಂದು ಹೇಳುವುದು ಇದಕ್ಕಾಗಿಯೇ.

ಇದರ ಜೊತೆಗೆ ಸುತ್ತಿನ ಅಪಾಯವೂ ಇದೆ. ಒಂದು ಏಜೆಂಟ್ ‘ಇದು ನನ್ನದಲ್ಲ’ ಎಂದು ಎರಡನೆಯದಕ್ಕೆ, ಅದು ಮತ್ತೆ ಮೊದಲನೆಯದಕ್ಕೆ ಕಳಿಸುತ್ತ ಹೋದರೆ ಕೋರಿಕೆ ಗಾಣದ ಎತ್ತಿನಂತೆ ಸುತ್ತುತ್ತದೆ. ಆದ್ದರಿಂದ ‘ಎರಡು ಸಲ ಕೈ ಬದಲಾದರೆ ಮೂರನೆಯ ಸಲ ಮನುಷ್ಯರಿಗೆ’ ಎಂಬ ನಿಯಮ ಹಾಕಬೇಕು.

ತಪ್ಪಾದರೆ ಹೊಣೆ ಯಾರದು?

2024ರ ಫೆಬ್ರವರಿಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಯೊಂದು ಏರ್ ಕೆನಡಾ ವಿಮಾನ ಸಂಸ್ಥೆಯ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅಜ್ಜಿ ತೀರಿಕೊಂಡಾಗ ಪ್ರಯಾಣಿಕನೊಬ್ಬ ರಿಯಾಯಿತಿ ದರದ ಬಗ್ಗೆ ಆ ಸಂಸ್ಥೆಯ ಚಾಟ್‌ಬಾಟನ್ನು ಕೇಳಿದ್ದ. ಟಿಕೆಟ್ ಕೊಂಡ ಮೇಲೆ 90 ದಿನಗಳೊಳಗೆ ರಿಯಾಯಿತಿಗೆ ಅರ್ಜಿ ಹಾಕಬಹುದು ಎಂದು ಅದು ಹೇಳಿತು. ಸಂಸ್ಥೆಯ ನಿಯಮ ಹಾಗಿರಲಿಲ್ಲ. ಚಾಟ್‌ಬಾಟ್ ಹೇಳಿದ್ದಕ್ಕೆ ಚಾಟ್‌ಬಾಟೇ ಹೊಣೆ ಎಂಬ ಅರ್ಥದ ವಾದವನ್ನು ಸಂಸ್ಥೆ ಮುಂದಿಟ್ಟಿತು. ಮಂಡಳಿ ಅದನ್ನು ಒಪ್ಪಲಿಲ್ಲ. ನಿಮ್ಮ ಜಾಲತಾಣದಲ್ಲಿ ಇರುವುದೆಲ್ಲದಕ್ಕೂ ನೀವೇ ಹೊಣೆ ಎಂದು ಹೇಳಿ ಪರಿಹಾರ ಕೊಡಿಸಿತು.

ನಮಗೆ ಇದರಿಂದ ತಿಳಿಯುವುದಿಷ್ಟು. ಕವಲಿನಲ್ಲಿ ಯಂತ್ರವನ್ನು ಕೂರಿಸಬಹುದು, ಹೊಣೆಯನ್ನು ಅದರ ಮೇಲೆ ಕೂರಿಸಲಾಗದು. ಹಾಗೆಯೇ ವಿದ್ಯಾರ್ಥಿಗಳಿಗೂ ಒಂದು ಎಚ್ಚರಿಕೆ: ದಾರಿ ಕೇಳಲು ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ, ಒಟಿಪಿ ಬೇಕಾಗುವುದಿಲ್ಲ. ಊರು, ತಾಲ್ಲೂಕು, ಉದ್ದೇಶ ಸಾಕು. ಅದಕ್ಕಿಂತ ಹೆಚ್ಚು ಕೇಳುವ ಚಾಟ್‌ಬಾಟ್ ದಾರಿ ತೋರಿಸಲು ಕುಳಿತದ್ದಲ್ಲ.

ನೀವೇ ಒಂದು ನಕ್ಷೆ ಬರೆಯಿರಿ

ಈ ತಿಂಗಳು ಒಂದು ಅಭ್ಯಾಸ ಮಾಡಿ. “ಸರ್, ಸ್ಕಾಲರ್‌ಶಿಪ್ ಬಂದಿಲ್ಲ” ಎಂಬ ಮಾತಿಗೆ ಕವಲಿನ ನಕ್ಷೆ ಬರೆಯಿರಿ. ಅರ್ಜಿ ಪೂರ್ತಿಯಾಗಿ ಸಲ್ಲಿಕೆಯಾಗಿಲ್ಲವೇ, ಕಾಲೇಜಿನ ಪರಿಶೀಲನೆ ಬಾಕಿ ಇದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲವೇ, ಇಲಾಖೆಯ ಮಂಜೂರಾತಿ ಬಾಕಿ ಇದೆಯೇ? ನಾಲ್ಕಕ್ಕೂ ಹೋಗುವ ಬಾಗಿಲು ಬೇರೆ ಬೇರೆ. ಯಾವ ಪ್ರಶ್ನೆಯನ್ನು ಮೊದಲು ಕೇಳಿದರೆ ಹೆಚ್ಚು ಜನರ ದಾರಿ ಬೇಗ ತಿಳಿಯುತ್ತದೆ? ಬರೆದು ಕಂಪ್ಯೂಟರ್ ವಿಭಾಗಕ್ಕೆ ತಂದುಕೊಡಿ. ಕೋಡಿಂಗ್ ಬಾರದಿದ್ದರೂ ಪರವಾಗಿಲ್ಲ. ಒಳ್ಳೆಯ ನಕ್ಷೆ ಬರೆಯಲು ಬೇಕಾದದ್ದು ಕೇಳುವ ಗುಣ.

ಕೊನೆಗೆ ಒಂದು ಪದದ ವಿಚಾರ. ನಮ್ಮ ಮನೆಗಳಲ್ಲಿ ‘ಅಮಾನತ್’ ಎಂದರೆ ನಂಬಿ ಒಪ್ಪಿಸಿದ ವಸ್ತು. ಅದನ್ನು ಜೋಪಾನ ಮಾಡಿ, ಸೇರಬೇಕಾದವರಿಗೆ ಸೇರಿಸಬೇಕು. ಅದೇ ಪದ ಕನ್ನಡದ ಕಚೇರಿ ಭಾಷೆಗೆ ಬಂದು ‘ಅಮಾನತು’ ಆದಾಗ ತಡೆಹಿಡಿ ಎಂಬ ಅರ್ಥವನ್ನೂ ಪಡೆಯಿತು. ಕಿಟಕಿಗೆ ಬಂದ ಪ್ರತಿ ಕೋರಿಕೆಯ ಮುಂದೆಯೂ ಈ ಎರಡು ಅರ್ಥಗಳಿವೆ. ಅದು ಅಮಾನತಿನಲ್ಲಿ ಉಳಿಯುತ್ತದೋ, ಅಮಾನತ್ ಎಂದು ತಿಳಿದು ಸರಿಯಾದ ಕೈ ಸೇರುತ್ತದೋ ಎಂಬುದು ಕವಲಿನಲ್ಲಿ ಇರುವವರು ಹಾಕಿದ ನಿಯಮದ ಮೇಲೆ ನಿಂತಿದೆ. ನಾಳೆ ಆ ನಿಯಮಗಳನ್ನು ಬರೆಯುವವರಲ್ಲಿ ನಿಮ್ಮಲ್ಲಿ ಕೆಲವರೂ ಇರುತ್ತೀರಿ. ಆಗ ಕೊನೆಭಾಗದಲ್ಲಿ ಕಾಯುತ್ತಿರುವವರನ್ನು ಮರೆಯಬೇಡಿ.